ಅಪ್ಪನ ಬಲಗಣ್ಣು

ನಾನು ಲ್ಯಾಬಿನಲ್ಲಿ ಮಾಡುವ ಕೆಲಸವೇನೆಂದು ನಮ್ಮ ಮನೆಯಲ್ಲಿ ಸರಿಯಾಗಿ ತಿಳಿದುಕೊಂಡವನು ಅಪ್ಪ ಒಬ್ಬನೇ. ಅವ್ವನಿಗೆ ಅದರ ಸುದ್ದಿ ತೆಗೆಯಲು ಹೆದರಿಕೆ, ತಮ್ಮನಿಗೆ ಪುರಸೊತ್ತಿಲ್ಲ. ಅಪ್ಪ ಮಾತ್ರ ಸಂಜೆ ಅಂಗಡಿಯಿಂದ ಬಂದು ಕಾಲು ತೊಳೆದು, ಕಾಫಿ ಹಿಡಿದು ಕೂತು, "ಇವತ್ತ ನಿನ್ನ ಕೋಶಗೋಳು ಏನಂದ್ವವಾ?" ಎಂದು ಕೇಳುತ್ತಿದ್ದ. ಪೇಟೆಯ ಧಾರಣೆ ಕೇಳುವ ಧ್ವನಿಯಲ್ಲೇ ಕೇಳುತ್ತಿದ್ದ.

ನಮ್ಮದು ಹಾವೇರಿ ಕಡೆಯ ಲಿಂಗಾಯತ ಮನೆತನ. ಬ್ಯಾಡಗಿ ಮೆಣಸಿನಕಾಯಿಯ ಸಗಟು ವ್ಯಾಪಾರಕ್ಕೆಂದು ಅಜ್ಜ ಮದರಾಸಿಗೆ ಬಂದು ಮೈಲಾಪೂರಿನಲ್ಲಿ ಮನೆ ಮಾಡಿದ. ಅಪ್ಪ ಹುಟ್ಟಿದ್ದು, ಶಾಲೆಗೆ ಹೋದದ್ದು, ಮುದುಕನಾದದ್ದು ಎಲ್ಲ ಅದೇ ಮನೆಯಲ್ಲಿ. ನಾವು ಮನೆಯಲ್ಲಿ ಆಡುವ ಕನ್ನಡ ಕೇಳಿ ಊರಿನ ನೆಂಟರು ನಗುತ್ತಿದ್ದರು. ಅರ್ಧ ಮಾತಿಗೇ ತಮಿಳು ನುಗ್ಗಿಬಿಡುತ್ತಿತ್ತು. ತಮ್ಮನಂತೂ ಕನ್ನಡದಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸಿದ್ದು ಅಪರೂಪ. ನಾನು ಮದುವೆಯಾಗಲಿಲ್ಲ, ಹಾಗಾಗಿ ಮನೆ ಬಿಡುವ ಪ್ರಸಂಗವೂ ಬರಲಿಲ್ಲ.

ಲ್ಯಾಬು ಇದ್ದದ್ದು ಪೋರೂರಿನಲ್ಲಿ, ಒಂದು ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ. ಮಕ್ಕಳಿಗಾಗಿ ಚಿಕಿತ್ಸೆ ಪಡೆದ ದಂಪತಿಗಳಲ್ಲಿ ಕೆಲವರಿಗೆ ಮಗು ಹುಟ್ಟಿದ ಮೇಲೂ ಕೆಲವು ಭ್ರೂಣಗಳು ಆಸ್ಪತ್ರೆಯ ಶೈತ್ಯಾಗಾರದಲ್ಲಿ ಉಳಿದಿರುತ್ತವೆ. ಇನ್ನು ನಮಗೆ ಬೇಡ, ಸಂಶೋಧನೆಗೆ ಉಪಯೋಗವಾಗಲಿ ಎಂದು ಕೆಲವರು ಅವನ್ನು ಕೊಡುತ್ತಾರೆ. ಆ ಭ್ರೂಣದೊಳಗಿನ ಕೋಶಗಳು ತಾವು ಏನಾಗಬೇಕೆಂದು ಇನ್ನೂ ತೀರ್ಮಾನಿಸಿರುವುದಿಲ್ಲ. ಚರ್ಮವಾಗಬಹುದು, ನರವಾಗಬಹುದು, ಹೃದಯವಾಗಬಹುದು. ಅವನ್ನು ಬಿಡಿಸಿ ತಟ್ಟೆಯಲ್ಲಿ ಸಾಕಿದರೆ, ತೀರ್ಮಾನವಿಲ್ಲದ ಆ ಸ್ಥಿತಿಯಲ್ಲೇ ವರ್ಷಗಟ್ಟಲೆ ಹೆಚ್ಚುತ್ತಾ ಹೋಗುತ್ತವೆ. ಇವೇ ಸ್ಟೆಮ್ ಸೆಲ್‌ಗಳು. ಅವುಗಳನ್ನು ಓಲೈಸಿ ಕಣ್ಣಿನ ಕೋಶಗಳನ್ನಾಗಿ ಮಾಡುವುದು ನನ್ನ ಕೆಲಸವಾಗಿತ್ತು.

ಕಣ್ಣಿನ ಒಳಗೆ, ದೃಷ್ಟಿಪಟಲದ ಬೆನ್ನಿಗೆ, ಕಂದು ಬಣ್ಣದ ತೆಳ್ಳನೆಯ ಪದರವೊಂದಿದೆ. ಬೆಳಕು ಹಿಡಿಯುವ ಕೋಶಗಳಿಗೆ ಅನ್ನ ಹಾಕುವುದು, ಅವುಗಳ ಕಸ ಬಳಿಯುವುದು ಅದರ ಕೆಲಸ. ಅದು ಸತ್ತರೆ ಅದನ್ನು ನಂಬಿದವೂ ಸಾಯುತ್ತವೆ. ನಾನು ತಯಾರಿಸುತ್ತಿದ್ದದ್ದು ಆ ಪದರವನ್ನು. ತಟ್ಟೆಯ ದ್ರವದಿಂದ ಒಂದು ಅಂಶ ತೆಗೆದು, ಇನ್ನೊಂದು ಹಾಕಿ, ದಿನಾ ಆಹಾರ ಬದಲಿಸಿ ಕಾಯಬೇಕು. ಬಹುಪಾಲು ಕೋಶಗಳು ದಾರಿ ತಪ್ಪಿ ಇನ್ನೇನೋ ಆಗುತ್ತವೆ. ಒಮ್ಮೆ ತಟ್ಟೆಯ ಮೂಲೆಯೊಂದು ಹೃದಯದ ಹಾಗೆ ಮಿಡಿಯುವುದನ್ನು ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ತಿಂಗಳುಗಳು ಕಳೆದ ಮೇಲೆ, ಎಲ್ಲ ಸರಿಯಾಗಿದ್ದರೆ, ಬಣ್ಣವಿಲ್ಲದ ತಟ್ಟೆಯಲ್ಲಿ ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕಿಗಳು ಕಾಣಿಸಿಕೊಳ್ಳುತ್ತವೆ.

ಅವ್ವ ಒಂದೇ ಸಲ ಕೇಳಿದ್ದಳು. "ಅದು ಕೂಸಲ್ಲೇನ?"

"ಇನ್ನೂ ಏನೂ ಅಲ್ಲವ್ವ. ಬರಿಗಣ್ಣಿಗೆ ಕಾಣದಂಥಾ ಚುಕ್ಕಿ."

"ಆಗೋದಿತ್ತಲ್ಲ?"

ಅಪ್ಪ ನಡುವೆ ಬಾಯಿ ಹಾಕಿ, "ತಂದಿ ತಾಯಿ ಮನಸಾರೆ ಕೊಟ್ಟಾರ. ಯಾರಿಗೋ ಕಣ್ಣು ಬರ್ತೈತಿ ಅಂದ್ರ ಬರಲಿ ಬಿಡು" ಎಂದ. ಅವ್ವ ಒಲೆಯ ಕಡೆ ತಿರುಗಿದಳು. ಆಮೇಲೆ ಆ ಮಾತು ಎತ್ತಲಿಲ್ಲ.

ನಮ್ಮ ಲ್ಯಾಬಿನ ಮುಖ್ಯಸ್ಥರು ಮೈಸೂರಿನವರು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಪೋರೂರಿನಲ್ಲೇ ಒಂದು ಫ್ಲ್ಯಾಟು. ಕನ್ನಡದ ಹುಡುಗಿ ಎಂದು ತಿಳಿದಾಗ ನನ್ನೊಡನೆ ಕನ್ನಡದಲ್ಲೇ ಮಾತಾಡತೊಡಗಿದರು. ಅವರೆದುರು ನಾನು ಕಷ್ಟಪಟ್ಟು ಮೈಸೂರಿನ ಮಾತು ಆಡುತ್ತಿದ್ದೆ. ಒಂದು ಭಾನುವಾರ ಮನೆಗೆ ಊಟಕ್ಕೆ ಕರೆದೆ. ಅವ್ವ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಅವರು ಮೈಲಾಪೂರಿಗೆ ಬರುವುದು ರೂಢಿಯಾಯಿತು. ಅಪ್ಪನೂ ಅವರೂ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಹೊತ್ತು ಹೋಗುವವರೆಗೆ ಮಾತಾಡುತ್ತಿದ್ದರು. ಅಪ್ಪ ಅವರಿಗೆ ಮೆಣಸಿನಕಾಯಿಯ ಬಣ್ಣದ ಬಗ್ಗೆ ಹೇಳಿದರೆ, ಅವರು ಅಪ್ಪನಿಗೆ ಕೋಶಗಳ ಬಣ್ಣದ ಬಗ್ಗೆ ಹೇಳುವರು.

ನಾನು ಕಲಿತದ್ದೆಲ್ಲ ಸರ್ ಅವರಿಂದ. ಒಮ್ಮೆ ನಾನು ಬಹಳ ದಿನ ಸಾಕಿದ ಒಂದು ಬ್ಯಾಚನ್ನು ಅವರು ಪೂರ್ತಿ ಎಸೆಯಲು ಹೇಳಿದರು. ಕಂದು ಬಣ್ಣ ಚೆನ್ನಾಗಿ ಕಟ್ಟಿತ್ತು, ಆಕಾರವೂ ಜೇನುಗೂಡಿನ ಹಾಗೆ ಒಪ್ಪವಾಗಿತ್ತು. ಆದರೆ ಒಂದು ಪರೀಕ್ಷೆಯಲ್ಲಿ, ಇನ್ನೂ ತೀರ್ಮಾನವಾಗದ ಕೋಶಗಳು ಒಂದೆರಡು ಉಳಿದಿರಬಹುದು ಎಂಬ ಅನುಮಾನ ಬಂದಿತ್ತು. ಅಂಥದೊಂದು ಕಣ್ಣಿಗೆ ಹೋದರೆ ಗಡ್ಡೆಯಾಗಬಹುದು.

"ಬರೀ ಅನುಮಾನ ಸರ್," ಎಂದೆ. ಅಳು ಬರುವ ಹಾಗಿತ್ತು.

"ಇದು ನಿನ್ನ ತಂದೆ ಕಣ್ಣಿಗೆ ಹೋಗುತ್ತೆ ಅಂತ ಅಂದ್ಕೊಳ್ಳಮ್ಮ. ಅನುಮಾನ ಇಟ್ಕೊಂಡು ಹಾಕ್ತೀಯಾ?"

ನಾನು ಎಸೆದೆ. ಅವತ್ತು ನನ್ನ ಅಪ್ಪನ ಕಣ್ಣು ಚೆನ್ನಾಗಿಯೇ ಇತ್ತು.

ಊರೆಲ್ಲ ಮುಳುಗಿದ ಆ ಮಳೆಯ ವರ್ಷ ಪೋರೂರು ಕೆರೆ ತುಂಬಿ ರಸ್ತೆಗೆ ಬಂತು. ಕರೆಂಟು ಹೋಗಿ, ಜನರೇಟರಿನ ಡೀಸೆಲ್ಲು ಮುಗಿಯುತ್ತ ಬಂದಿತ್ತು. ಹಿಂದಿನ ದಿನವೇ ಬಂದು ಸಿಕ್ಕಿಹಾಕಿಕೊಂಡ ನಾನು ಒಬ್ಬಳೇ ಲ್ಯಾಬಿನಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯಿಂದ ನೋಡಿದರೆ, ಮೀನುಗಾರರ ದೋಣಿಯೊಂದರಲ್ಲಿ ಸರ್ ಬರುತ್ತಿದ್ದರು. ಡೀಸೆಲ್ ಕ್ಯಾನನ್ನು ಮಗುವಿನ ಹಾಗೆ ತೊಡೆಯ ಮೇಲೆ ಅಪ್ಪಿಕೊಂಡಿದ್ದರು. ಒದ್ದೆ ಬಟ್ಟೆಯಲ್ಲೇ ನನ್ನ ಜೊತೆ ಕೂತು ಕೋಶಗಳಿಗೆ ಆಹಾರ ಬದಲಿಸಿದರು. ಇಂಥ ಮನುಷ್ಯನ ಕೆಳಗೆ ಕೆಲಸ ಮಾಡುವುದು ನನ್ನ ಪುಣ್ಯ ಎಂದು ನಾನು ಮನೆಯಲ್ಲಿ ಹೇಳಿದೆ. ಅಪ್ಪ ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಅದಾಗಿ ಕೆಲವು ವರ್ಷಗಳಿಗೆ ಅಪ್ಪನ ಕಣ್ಣು ಕೆಡತೊಡಗಿತು. ಅವನಿಗೆ ಅದು ಗೊತ್ತಾದದ್ದು ಅಂಗಡಿಯಲ್ಲಲ್ಲ, ಪೂಜೆಯ ಹೊತ್ತಿಗೆ. ನಮ್ಮಲ್ಲಿ ಕೊರಳಲ್ಲಿ ಧರಿಸುವ ಇಷ್ಟಲಿಂಗವನ್ನು ಬೆಳಿಗ್ಗೆ ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಪೂಜೆ ಮಾಡುತ್ತಾರೆ. ಒಂದು ಬೆಳಿಗ್ಗೆ ಅಪ್ಪ ಪೂಜೆ ಅರ್ಧಕ್ಕೇ ನಿಲ್ಲಿಸಿ ನನ್ನನ್ನು ಕರೆದ.

"ಬೆರಳು ಕಾಣ್ತಾವು. ವಿಭೂತಿ ಗಟ್ಟಿ ಕಾಣ್ತೈತಿ. ಲಿಂಗ ಕಾಣವಲ್ದು."

ನಾನು ಅವನ ಅಂಗೈ ನೋಡಿದೆ. ಲಿಂಗ ಅಲ್ಲಿಯೇ ಇತ್ತು. ನೇರ ನೋಡಿದ ಕಡೆಯೇ ಅವನಿಗೆ ಮಸುಕು, ಸುತ್ತಲಿನದೆಲ್ಲ ಸ್ಪಷ್ಟ. ಕಣ್ಣಿನ ಡಾಕ್ಟರ ಬಳಿ ಹೋಗುವ ಮುಂಚೆಯೇ ನನಗೆ ಗೊತ್ತಾಗಿತ್ತು. ನಾನು ಯಾವ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತಿದ್ದೆನೋ ಅವೇ ಕೋಶಗಳು ಅಪ್ಪನ ಕಣ್ಣಿನ ನಡುವೆ ಸಾಯುತ್ತಿದ್ದವು. ಎರಡೂ ಕಣ್ಣಿನಲ್ಲಿ. ವಯಸ್ಸಿಗೆ ಬರುವ ಕಾಯಿಲೆ, ಇದಕ್ಕೆ ಔಷಧಿಯಿಲ್ಲ, ಪೂರ್ತಿ ಕುರುಡಾಗುವುದಿಲ್ಲ ಎಂದು ಡಾಕ್ಟರು ಹೇಳಿದರು.

ಮನೆಗೆ ಬರುವಾಗ ಆಟೋದಲ್ಲಿ ಅಪ್ಪ ಕೇಳಿದ. "ನಿನ್ನ ಕಡೆ ಅದಾವಲ್ಲ, ಅವು?"

"ಅದಾವಪ್ಪ. ಇಲಿಗೆ ಹಾಕಿ ನೋಡೀವಿ. ಮನಶ್ಯಾರಿಗೆ ಹಾಕಾಕ ಇನ್ನೂ ಅಪ್ಪಣಿ ಇಲ್ಲ."

"ಸರಿ. ಅಪ್ಪಣಿ ಬರಲಿ."

ಆ ಭಾನುವಾರ ಸರ್ ಬಂದಾಗ ಅಪ್ಪ ಅದನ್ನೇ ಕೇಳಿದ. ಸರ್ ಅಪ್ಪನ ಕೈಮೇಲೆ ಕೈಯಿಟ್ಟು, "ಅಪ್ಪಣೆ ಬಂದ್ರೆ ಮೊದಲು ನಿಮ್ಮನ್ನೇ ಕರೀತೀವಿ ಯಜಮಾನ್ರೇ. ಆತುರ ಬೇಡ" ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಸಂಜೆ ಅವರನ್ನು ಬಸ್‌ಸ್ಟಾಪಿನವರೆಗೆ ನಡೆಸಿಕೊಂಡು ಹೋದೆ. ಆ ವರ್ಷವೇ ನಾವಿಬ್ಬರೂ ಕೂತು ಮನುಷ್ಯರ ಮೇಲಿನ ಮೊದಲ ಪ್ರಯೋಗದ ಕರಡನ್ನು ಬರೆದೆವು. ಯಾರನ್ನು ಸೇರಿಸಿಕೊಳ್ಳಬಹುದು, ಯಾರನ್ನು ಕೂಡದು, ಏನಾದರೆ ನಿಲ್ಲಿಸಬೇಕು ಎಂದು ಒಂದೊಂದು ಸಾಲಿಗೂ ಚರ್ಚೆ ಮಾಡಿದೆವು.

ಅಪ್ಪಣೆ ಬರುವ ಮೊದಲೇ ಸರ್ ನಿವೃತ್ತರಾದರು. ಅವಧಿ ಮುಂದುವರಿಸುತ್ತಾರೆಂದು ಕಾದಿದ್ದರು, ಮುಂದುವರಿಸಲಿಲ್ಲ. ಬೀಳ್ಕೊಡುಗೆಯ ದಿನ ಅವರು ಹೆಚ್ಚು ಮಾತಾಡಲಿಲ್ಲ. ಮೈಸೂರಿಗೆ ಹೋಗುತ್ತೇನೆ, ತಂಗಿಯ ಮನೆಯ ಹತ್ತಿರ ಇರುತ್ತೇನೆ ಎಂದರು. ಆದರೆ ಹೋಗಲಿಲ್ಲ. ಭಾನುವಾರ ಮೈಲಾಪೂರಿಗೆ ಬರುವುದೂ ನಿಲ್ಲಲಿಲ್ಲ. ಲ್ಯಾಬಿನ ಹೊಣೆ ನನ್ನ ಮೇಲೆ ಬಿದ್ದು, ಭಾನುವಾರಗಳಲ್ಲೂ ನಾನೇ ಹೋಗಿ ಕೋಶಗಳನ್ನು ನೋಡಿಕೊಳ್ಳಬೇಕಾಗಿತ್ತು. ಸಂಜೆ ಬಂದರೆ ಅವ್ವ, "ನಿಮ್ಮ ಸರ್ ಬಂದಿದ್ರು, ಉಂಡು ಹೋದ್ರು" ಎನ್ನುವಳು. ಮುದುಕರಿಬ್ಬರಿಗೂ ಹೊತ್ತು ಹೋಗುತ್ತದೆ ಎಂದು ನನಗೆ ಖುಷಿಯೇ ಆಗುತ್ತಿತ್ತು.

ಒಂದು ದಿನ ಲ್ಯಾಬಿನಿಂದ ಬಂದಾಗ ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದ. ಏನಾಯಿತೆಂದು ಕೇಳಿದೆ.

ತಮ್ಮ ಹೇಳಿದ. "ಅಂಗಡಿಯಾಗ ಖಾರದ ಧೂಳ ಬಿತ್ತಕ್ಕಾ. ಡ್ರಾಪ್ಸ್ ಹಾಕೀವಿ. ನೀ ಸುಮ್ಮಾ ಟೆನ್ಶನ್ ಆಗಬ್ಯಾಡ."

ಜೀವಮಾನವೆಲ್ಲ ಖಾರದ ಧೂಳಿನಲ್ಲೇ ಬದುಕಿದ ಅಪ್ಪನಿಗೆ ಅದರಿಂದ ಹೀಗಾಗುವುದೇ ಎಂದು ನನಗೆ ಅನಿಸಿತು. ಅವನು ಮುಖ ಗೋಡೆಯ ಕಡೆ ಮಾಡಿದ್ದರಿಂದ ನಾನೂ ಕೆದಕಲಿಲ್ಲ. ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಅವನೇ ಕೂಗಿದ. ಬಲಗಣ್ಣಿನ ಮೇಲೆ ಮೇಲಿನಿಂದ ಕಪ್ಪು ಪರದೆ ಇಳಿದ ಹಾಗಾಗಿದೆ ಎಂದ. ಆಸ್ಪತ್ರೆಗೆ ಹೊರಡಲೆಂದು ಅಂಗಿ ಬದಲಿಸುವಾಗ ಅವನ ಹೊಟ್ಟೆಯ ಮೇಲೆ, ಹೊಕ್ಕುಳ ಪಕ್ಕದಲ್ಲಿ, ಸಣ್ಣ ಪ್ಲಾಸ್ಟರು ಕಂಡಿತು.

"ಇದೇನಪ್ಪ?"

ಅಪ್ಪ ಅಂಗೈಯಿಂದ ಅದನ್ನು ಮುಚ್ಚಿಕೊಂಡ. ತಮ್ಮ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ.

ಹೊಟ್ಟೆಯ ಕೊಬ್ಬನ್ನು ಹೀರಿ, ಅದನ್ನೇನೋ ಮಾಡಿ, ಸ್ಟೆಮ್ ಸೆಲ್ ಎಂದು ಹೇಳಿ ಮೊಣಕಾಲಿಗೆ, ಬೆನ್ನಿಗೆ, ಕಣ್ಣಿಗೆ ಚುಚ್ಚುವ ಕ್ಲಿನಿಕ್ಕುಗಳಿರುವುದು ನನಗೆ ಗೊತ್ತಿತ್ತು. ಅದಕ್ಕೂ ನಮ್ಮ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. ಕೊಬ್ಬಿನ ಕೋಶಗಳು ಕಣ್ಣಿನಲ್ಲಿ ಕಣ್ಣಾಗುವುದಿಲ್ಲ, ಗಾಯದ ಕಲೆಯಾಗಿ ದೃಷ್ಟಿಪಟಲವನ್ನು ಎಳೆದು ಕೀಳಬಲ್ಲವು. ಇಂಥ ಕ್ಲಿನಿಕ್ಕುಗಳಿಗೆ ಹೋಗಬೇಡಿ ಎಂದು ನಾನೇ ಎಷ್ಟೋ ಸಭೆಗಳಲ್ಲಿ ಹೇಳಿದ್ದೆ.

"ಎಲ್ಲಿ ಹೋಗಿದ್ರಿ?" ಎಂದು ತಮ್ಮನನ್ನು ಕೇಳಿದೆ.

"ನುಂಗಂಬಾಕ್ಕಂ. ಅಪ್ಪ ಕೇಳಿದ್ದಕ್ಕಾ. ನಾ ಏನ ಪಣ್ಣಲಿ? ನಿಮ್ಮ ಸಾರೇ ಇದ್ರಲ್ಲ ಅಲ್ಲಿ."

ಯಾವ ಸರ್ ಎಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ.

ಆಸ್ಪತ್ರೆಯಲ್ಲಿ ದೃಷ್ಟಿಪಟಲದ ತಜ್ಞೆ ಪರೀಕ್ಷೆ ಮಾಡಿ, "ಯಾರು ಚುಚ್ಚಿದ್ದು?" ಎಂದಷ್ಟೇ ಕೇಳಿದರು. ದೃಷ್ಟಿಪಟಲ ಕಿತ್ತುಬಂದಿತ್ತು. ಆ ದಿನವೇ ಆಪರೇಷನ್ ಮಾಡಿದರು, ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಮಾಡಿದರು. ಬಲಗಣ್ಣು ಉಳಿಯಲಿಲ್ಲ. ಮೊದಲು ನಡುವಿನ ಮಸುಕೊಂದೇ ಇದ್ದ ಆ ಕಣ್ಣಿಗೆ ಈಗ ಬೆಳಕು ಕತ್ತಲೆಗಳ ಭೇದವೂ ತಿಳಿಯುತ್ತಿರಲಿಲ್ಲ. ಎಡಗಣ್ಣಿಗೆ ಮುಂದಿನ ತಿಂಗಳು ಚುಚ್ಚುವುದೆಂದು ಮಾತಾಗಿತ್ತಂತೆ. ಹಾಗಾಗಿ ಅದು ಉಳಿದಿತ್ತು.

ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕೂತಾಗ ಅಪ್ಪನೇ ಮಾತು ತೆಗೆದ. "ನಿನಗ ಯಾಕ ಹೇಳಲಿಲ್ಲ ಅಂದ್ರ, ನೀ ಬ್ಯಾಡ ಅಂತಿದ್ದಿ."

"ಬ್ಯಾಡ ಅಂತಿದ್ದೆ."

"ಅದಕ್ಕ."

ಅವನೇ ಮುಂದುವರಿಸಿದ. "ಇದು ನಿನ್ನ ವಿಧಾನನ ಅಂತ ಹೇಳಿದ್ರವಾ. ನಿಮ್ಮ ಮಗಳು ಕಂಡುಹಿಡದದ್ದು, ನಿಮ್ಮ ಮೈಯಾಗಿನ ಕೋಶನ ತಗೊಂಡು ಅಕಿ ವಿಧಾನದಾಗ ತಿದ್ದಿ ಹಾಕ್ತೀವಿ, ಅಪ್ಪಣಿ ಗಿಪ್ಪಣಿ ಬೇಕಾಗಂಗಿಲ್ಲ ಅಂದ್ರು. ಗೋಡಿ ಮ್ಯಾಲ ನೀ ತಗದ ಚಿತ್ರ ಹಾಕ್ಯಾರಂತ. ನಿನ್ನ ತಮ್ಮ ನೋಡಿ ಹೇಳಿದ. ನನಗ ಎಷ್ಟು ಹೆಮ್ಮಿ ಆತು ಗೊತ್ತೈತೇನು?"

ನಾನು ಎದ್ದು ಹೊರಗೆ ಹೋದೆ. ಅವನ ಮುಂದೆ ಅಳಬಾರದೆಂದು ಮಾತ್ರ ನೆನಪಿತ್ತು. ಸರ್ ಮೇಲೆ ಬಂದ ಸಿಟ್ಟು ನನಗೆ ಅರ್ಥವಾಗುವಂಥದು. ಆದರೆ ಅಪ್ಪನೂ ತಮ್ಮನೂ ಅಷ್ಟು ದಿನ ನನ್ನೆದುರು ಕೂತು ಉಂಡು, ಕೋಶಗಳ ಸುದ್ದಿ ಕೇಳಿ, ಇದೊಂದನ್ನು ನನ್ನಿಂದ ಮುಚ್ಚಿಟ್ಟಿದ್ದರು. ಅವ್ವನಿಗೂ ಗೊತ್ತಿತ್ತು. ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ನುಂಗಂಬಾಕ್ಕಂನ ಆ ಕ್ಲಿನಿಕ್ಕು ಹಳೆಯ ಬಂಗಲೆಯೊಂದನ್ನು ಹೊಸದು ಮಾಡಿದ ಕಟ್ಟಡ. ತಂಪಾದ ಹಜಾರ, ಮಲ್ಲಿಗೆಯ ವಾಸನೆಯ ಏನೋ ಸಿಂಪಡಿಸಿದ್ದರು. ಸ್ವಾಗತದ ಮೇಜಿನ ಹಿಂದೆ ಗೋಡೆ ತುಂಬ ಒಂದು ದೊಡ್ಡ ಫೋಟೋ. ಜೇನುಗೂಡಿನ ಹಾಗೆ ಹೆಣೆದುಕೊಂಡ ಕಂದು ಕೋಶಗಳು, ಎಡಮೂಲೆಯಲ್ಲಿ ಒಂದು ಬಿರುಕು. ಮೈಕ್ರೋಸ್ಕೋಪಿನ ಕೆಳಗೆ ತಟ್ಟೆಯನ್ನಿಟ್ಟು ಆ ಚಿತ್ರ ತೆಗೆದವಳು ನಾನು. ಆ ಬಿರುಕು ತಟ್ಟೆ ಸರಿಸುವಾಗ ನನ್ನ ಕೈ ತಗುಲಿ ಆದದ್ದು. ಅದರ ಕೆಳಗೆ ನಾಲ್ಕು ಜನ ವಯಸ್ಸಾದವರು ತಮ್ಮ ಸರದಿಗಾಗಿ ಕೂತಿದ್ದರು.

ಸರ್ ಒಳಗಿನ ಕೋಣೆಯಲ್ಲಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಬಾಮ್ಮ. ಕೂತ್ಕೋ."

"ಅಪ್ಪನ ಬಲಗಣ್ಣು ಹೋತು ಸರ್."

"ಗೊತ್ತಾಯ್ತು, ನಿನ್ನ ತಮ್ಮ ಫೋನ್ ಮಾಡಿದ್ದ. ಎರಡು ದಿನ ನಿದ್ದೆ ಬರ್ಲಿಲ್ಲ ನಂಗೆ. ಹೀಗಾಗೋದು ತುಂಬ ಅಪರೂಪ."

ಅವರೆದುರು ನಾನು ಅಷ್ಟು ವರ್ಷ ಆಡಿದ ಮೈಸೂರಿನ ಮಾತು ಅವತ್ತು ಬಾಯಿಗೆ ಬರಲಿಲ್ಲ. "ಹೊಟ್ಟಿ ಕೊಬ್ಬು ಕಣ್ಣಾಗ ಹಾಕಿದ್ರ ಅದು ಕಣ್ಣಾಗತೈತೇನ್ರಿ? ನೀವ ಹೇಳ್ರಿ."

ಅವರು ಕಿಟಕಿಯ ಕಡೆ ನೋಡಿದರು. "ಆಗಲ್ಲ ಅಂತ ಯಾರೂ ಸಾಬೀತು ಮಾಡಿಲ್ಲ."

ಇದೇ ಮಾತನ್ನು ನನ್ನ ವಿದ್ಯಾರ್ಥಿಯೊಬ್ಬ ಆಡಿದ್ದರೆ ಸರ್ ಅವನನ್ನು ಲ್ಯಾಬಿನಿಂದ ಹೊರಗೆ ಕಳಿಸುತ್ತಿದ್ದರು.

"ನನ್ನ ವಿಧಾನ ಅಂತ ಅಪ್ಪಗ ಹೇಳಿದ್ರಂತ."

"ನಮ್ಮ ಕೆಲಸ ಅಂದೆ. ನಮ್ಮದೇ ಅಲ್ವೇನಮ್ಮ ಅದು? ನಾನು ಕಟ್ಟಿದ ಲ್ಯಾಬು. ಅಲ್ಲಿ ನನ್ನನ್ನ ಒಂದು ಹಾರ ಹಾಕಿ ಕಳಿಸಿಬಿಟ್ರು. ಇವರು ಕರೆದು ಕೂರಿಸಿದ್ರು." ಅವರ ಧ್ವನಿ ಮೊದಲ ಸಲ ಗಡುಸಾಯಿತು. "ನಿಮ್ಮ ತಂದೆ ನನ್ನ ಕೈ ಹಿಡ್ಕೊಂಡು ಕೇಳಿದ್ರು. ಸಾಯೋದ್ರೊಳಗೆ ಒಂದ್ಸಲ ಅಂಗೈಲಿರೋ ಲಿಂಗ ನೋಡ್ಬೇಕು ಅಂದ್ರು. ನೀನು ಇನ್ನೂ ಇಲ್ಲ, ಇನ್ನೂ ಇಲ್ಲ ಅಂತಿದ್ದೆ. ಅಪ್ಪಣೆ ಬರೋ ಹೊತ್ತಿಗೆ ಅವರು ಇರ್ತಾರಾ?"

"ಅನುಮಾನ ಇಟ್ಕೊಂಡು ಹಾಕಬ್ಯಾಡ ಅಂತ ನನಗ ಕಲಿಸಿದವ್ರು ನೀವು."

"ಅದು ಲ್ಯಾಬಿನ ಮಾತು."

ನಾನು ಹೊರಗೆ ಬಂದೆ. ಹಜಾರದಲ್ಲಿ ಕೂತಿದ್ದವರಿಗೆ ತಮಿಳಿನಲ್ಲಿ ಹೇಳಿದೆ, ಇಲ್ಲಿ ಕಣ್ಣು ಮುಟ್ಟಿಸಿಕೊಳ್ಳಬೇಡಿ, ನನ್ನ ತಂದೆಯ ಕಣ್ಣು ಹೋಗಿದೆ ಎಂದು. ಒಬ್ಬ ಹೆಂಗಸು ತನ್ನ ಗಂಡನ ಕೈ ಹಿಡಿದು ಎದ್ದಳು. ಉಳಿದವರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ಕಾವಲುಗಾರ ಬಂದು ಮೆಲ್ಲಗೆ ನನ್ನನ್ನು ಗೇಟಿನವರೆಗೆ ಬಿಟ್ಟುಬಂದ.

ದೂರು ಕೊಟ್ಟೆ. ಬಂದು ವಿಚಾರಿಸಿದ ಅಧಿಕಾರಿಗಳಿಗೆ, ತಾನು ಬರೀ ಸಲಹೆಗಾರ, ರೋಗಿ ತಾವಾಗಿಯೇ ಕೇಳಿಕೊಂಡು ಬಂದರು ಎಂದು ಸರ್ ಹೇಳಿದರಂತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ರೋಗಿಯ ಹೇಳಿಕೆ ಬೇಕು ಎಂದು ಅಧಿಕಾರಿಗಳು ಹೇಳಿದರು. ಅಪ್ಪ ಒಪ್ಪಲಿಲ್ಲ.

"ನಮ್ಮ ಮನಿಯಾಗ ಉಂಡ ಮನಶ್ಯಾನ ಮ್ಯಾಲ ನಾ ದೂರ ಹೇಳಂಗಿಲ್ಲ."

"ಅವ್ರು ನಿನಗ ಸುಳ್ಳು ಹೇಳ್ಯಾರಪ್ಪ."

"ಆತ ನನಗ ಒಳ್ಳೇದಾಗಲಿ ಅಂತ ಮಾಡಿದ. ಆಗಲಿಲ್ಲ. ನನ್ನ ಹಣೆಬರಹ. ನೀನೂ ಇಷ್ಟು ವರ್ಷ ಅಲ್ಲಿ ಕುಂತು ನನಗೇನು ಮಾಡಿದಿ?"

ಅವನು ಆಮೇಲೆ ಆ ಮಾತಿಗೆ ನೊಂದುಕೊಂಡ ಎಂದು ಅವ್ವ ಹೇಳಿದಳು. ನನ್ನ ಹತ್ತಿರ ಮಾತ್ರ ಹೇಳಲಿಲ್ಲ. ಕ್ಲಿನಿಕ್ಕು ಕೆಲವು ವಾರ ಮುಚ್ಚಿತ್ತು. ಮತ್ತೆ ತೆರೆದಾಗ ಬೋರ್ಡಿನಲ್ಲಿ ಸ್ಟೆಮ್ ಸೆಲ್ ಎಂಬ ಪದವಿರಲಿಲ್ಲ, ಇನ್ನೇನೋ ಚಂದದ ಪದವಿತ್ತು.

ಅದಾದ ಕೆಲವು ತಿಂಗಳಿಗೆ ಒಂದು ಭಾನುವಾರ ಲ್ಯಾಬಿನ ಕೆಲಸ ಬೇಗ ಮುಗಿಯಿತು. ಮನೆಗೆ ಬಂದರೆ ನಡುಮನೆಯಲ್ಲಿ ಸರ್ ಕೂತಿದ್ದರು. ಅಪ್ಪನಿಗೆ ಪೇಪರು ಓದಿ ಹೇಳುತ್ತಿದ್ದರು. ಅಪ್ಪ ಅವರ ಕಡೆ ಕಿವಿ ವಾಲಿಸಿ ನಗುತ್ತಿದ್ದ. ಒಳಗಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಇದು ಮೊದಲ ಭಾನುವಾರವಲ್ಲ ಎಂದು ಇಬ್ಬರೂ ಕೂತ ಬಗೆಯಿಂದಲೇ ತಿಳಿಯಿತು.

"ಸರ್, ದಯವಿಟ್ಟು ಹೋಗ್ರಿ," ಎಂದೆ.

ಸರ್ ಪೇಪರು ಮಡಿಸಿದರು. ಅಪ್ಪ ಕೈ ಚಾಚಿ ಅವರ ಮೊಣಕೈ ಹುಡುಕಿ ಹಿಡಿದ. "ಕುಂದರ್ರಿ. ಇದು ನನ್ನ ಮನಿ."

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು, ಹಿಟ್ಟಿನ ಕೈಯಲ್ಲೇ ನಿಂತಳು. ನಾನು ನನ್ನ ಕೋಣೆಗೆ ಹೋಗಿ ನಾಲ್ಕು ಬಟ್ಟೆ ಚೀಲಕ್ಕೆ ಹಾಕಿಕೊಂಡೆ. ಪೋರೂರಿನಲ್ಲಿ ಲ್ಯಾಬಿನ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದೆ. ಹುಟ್ಟಿದ ಮನೆಯನ್ನು ಈ ವಯಸ್ಸಿನಲ್ಲಿ ಹೀಗೆ ಬಿಡುತ್ತೇನೆಂದು ಎಣಿಸಿರಲಿಲ್ಲ. ಅವ್ವ ದಿನಾ ಫೋನು ಮಾಡುತ್ತಿದ್ದಳು. ವಾರದ ನಡುವೆ ಒಂದು ದಿನ ಹೋಗಿ ಇಬ್ಬರನ್ನೂ ನೋಡಿಬರುತ್ತಿದ್ದೆ. ಅಪ್ಪ ಈಗ ಕೋಶಗಳ ಸುದ್ದಿ ಕೇಳುತ್ತಿರಲಿಲ್ಲ. ತಮ್ಮ ನನ್ನನ್ನು ಕಂಡರೆ ಅಂಗಡಿಯಲ್ಲಿ ಕೆಲಸವಿದೆ ಎನ್ನುತ್ತಿದ್ದ.

ಇಷ್ಟರಲ್ಲಿ ಪ್ರಯೋಗಕ್ಕೆ ಅಪ್ಪಣೆ ಬಂತು. ಬೆರಳೆಣಿಕೆಯಷ್ಟು ಜನರಿಗೆ, ಒಂದೊಂದು ಕಣ್ಣಿಗೆ ಮಾತ್ರ, ಸುರಕ್ಷಿತವೇ ಎಂದು ನೋಡಲು. ದೃಷ್ಟಿ ಬರುತ್ತದೆಂಬ ಭರವಸೆ ಯಾರಿಗೂ ಕೊಡುವಂತಿಲ್ಲ. ಆದರೂ ನಮ್ಮ ಲ್ಯಾಬಿನ ಹುಡುಗಿಯರು ಸಿಹಿ ಹಂಚಿದರು. ಆ ಸುದ್ದಿ ಪೇಪರಿನಲ್ಲಿ ಸಣ್ಣದಾಗಿ ಬಂದಿತ್ತು. ತಮ್ಮ ಓದಿ ಅಪ್ಪನಿಗೆ ಹೇಳಿದ. ಅಪ್ಪ ನನಗೆ ಫೋನು ಮಾಡಿಸಿದ. ಮನೆ ಬಿಟ್ಟ ಮೇಲೆ ಅವನಾಗಿ ಮಾಡಿಸಿದ ಮೊದಲ ಫೋನು ಅದು.

"ಎಡಗಣ್ಣು ಹಂಗ ಐತಲ್ಲವಾ. ನಾ ಯಾವಾಗ ಬರಲಿ?"

ಬಂದು ಹೇಳುತ್ತೇನೆ ಎಂದೆ. ಮಾರನೆಯ ಬೆಳಿಗ್ಗೆ ಬಸ್ಸು ಹಿಡಿದು ಮೈಲಾಪೂರಿಗೆ ಹೋದೆ. ಅಪ್ಪ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ಇವತ್ತೇ ಕರೆದುಕೊಂಡು ಹೋಗುತ್ತೇನೆ ಅಂದುಕೊಂಡಿದ್ದನೋ ಏನೋ.

"ಅಪ್ಪ, ನಿನ್ನ ತಗೊಳ್ಳಾಕ ಬರಂಗಿಲ್ಲ."

"ಯಾಕ? ವಯಸ್ಸಾತೇನು?"

"ವಯಸ್ಸಲ್ಲ. ಮೊದಲು ಎಲ್ಲೇ ಆಗಲಿ, ಯಾವ ಕಣ್ಣಿಗೇ ಆಗಲಿ, ಇಂಥಾ ಇಂಜೆಕ್ಷನ್ ಆಗಿದ್ರ ಅವರನ್ನ ಸೇರಿಸಬಾರದು ಅಂತ ನಿಯಮ ಐತಿ. ಮುಂದ ಏನರ ಕೆಟ್ಟದಾದ್ರ ಯಾವುದರಿಂದ ಆತು ಅಂತ ತಿಳಿಯಂಗಿಲ್ಲಲ್ಲ, ಅದಕ್ಕ."

ಅಪ್ಪ ತಲೆಯಾಡಿಸಿದ. ವ್ಯಾಪಾರಿಯಾದ್ದರಿಂದ ಕಾರಣ ಅವನಿಗೆ ತಕ್ಷಣ ತಿಳಿಯಿತು.

"ಆ ಒಂದ ಇಂಜೆಕ್ಷನ್ ಇಲ್ಲದಿದ್ರ?"

"ಇಲ್ಲದಿದ್ರ ಬರತಿತ್ತು. ಪರೀಕ್ಷಾ ಮಾಡಿ ತಗೊಂಡಿರತಿದ್ರು."

"ಈ ನಿಯಮ ಯಾರು ಬರದದ್ದು?"

"ನಾನು."

"ನೀ ಒಬ್ಬಾಕೀನ?"

"ಸರ್ ಮತ್ತ ನಾನು ಕೂಡೇ ಬರದದ್ದಪ್ಪ. ಅವ್ರು ರಿಟೈರ್ ಆಗೂ ಮೊದಲ."

ಅಪ್ಪ ಮುಖದ ಎಡಬದಿಯನ್ನು ನನ್ನ ಕಡೆ ತಿರುಗಿಸಿ, ಆ ಕಣ್ಣಿನ ಅಂಚಿನಿಂದ ನನ್ನನ್ನು ಹುಡುಕಿ ನೋಡಿದ. "ಹಂಗಾರ ನನಗ ಚುಚ್ಚೂ ಮುಂದ ಆತಗ ಇದು ಗೊತ್ತಿತ್ತು."

"ಗೊತ್ತಿತ್ತು."

"ಅಪ್ಪಣಿ ಬಂದ್ರೂ ನನಗ ಸಿಗಂಗಿಲ್ಲ ಅಂತ ಗೊತ್ತಿತ್ತು."

ಅವ್ವ ಕಾಫಿ ತಂದಿಟ್ಟಳು. ಅದು ಆರಿ ಕೆನೆ ಕಟ್ಟಿತು. ಅಪ್ಪ ಬಿಳಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅಂಗಿ ತೆಗೆದು ಅವ್ವನ ಕೈಗೆ ಕೊಟ್ಟು, "ಗೂಟಕ್ಕ ಹಾಕು" ಎಂದ. ನಾನು ಹೊರಡುವಾಗಲೂ ಅವನು ಹೇಳಿಕೆ ಕೊಡುತ್ತೇನೆ ಎನ್ನಲಿಲ್ಲ, ಮನೆಗೆ ಬಾ ಎಂದೂ ಕರೆಯಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅವ್ವನ ಫೋನು ಬಂತು. ದನಿ ತಗ್ಗಿಸಿ ಮಾತಾಡಿದಳು.

"ನಿಮ್ಮ ಸರ್ ಬಂದಿದ್ರವಾ. ನಾ ಮಲಗೀನಿ ಅಂತ ಹೇಳು ಅಂದ ನಿಮ್ಮಪ್ಪ. ಬಾಗಲದಾಗ ನಿಂತು ಹಂಗ ಹೇಳಿದೆ. ಪರವಾಗಿಲ್ಲ, ಮುಂದಿನ ವಾರ ಬರ್ತೀನಿ ಅಂದ್ರು. ಮುಂದಿನ ವಾರನೂ ಮಲಗಿರ್ತಾರ ಅಂದೆ. ಕೊಂಜಂ ಹೊತ್ತು ನಿಂತ್ರು, ಅಪ್ಪುರಂ ಇಳಿದು ಹೋದ್ರು."

"ಅಪ್ಪ ಏನಂದ?"

"ಏನಿಲ್ಲ. ಒಳಗ ಕುಂತಿದ್ದ. ಅವ್ರು ಮೆಟ್ಟಲ ಇಳಿಯೋತನಕ ಕಿವಿಗೊಟ್ಟು ಕೇಳಿದ. ರೊಟ್ಟಿ ಹಾಕ್ಲೇನು ಅಂದೆ, ಹಸಿವಿಲ್ಲ ಅಂದ."